ಅಪ್‌ಡೇಟ್: ಕರುಳಿನ ಕಾಯಿಲೆಯ ನಡುವೆ ದಾಂಪತ್ಯದ ಸಾಮೀಪ್ಯ

ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ ಮತ್ತು ಹುಣ್ಣುಗಳಾಗುವ ದೀರ್ಘಕಾಲದ ಕಾಯಿಲೆ) ಇರುವ ನಾನು, ಹೊಟ್ಟೆನೋವು ಮತ್ತು ಶೌಚದ ತುರ್ತಿನ ಭಯದಿಂದ ಪತಿಯ ಸಾಮೀಪ್ಯವನ್ನೇ ತಪ್ಪಿಸುತ್ತಿರುವುದಕ್ಕೆ ಪರಿಹಾರವೇನೆಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಃಪೂರ್ವಕ ಕೃತಜ್ಞತೆಗಳು.

ನಿಮ್ಮಲ್ಲಿ ಹಲವರು ಸೂಚಿಸಿದಂತೆ, ಉಡುಪಿಯ ನಮ್ಮ ಮನೆಯಲ್ಲಿ ಅತ್ತೆ-ಮಾವ ಮಲಗಿದ ಮೇಲೆ ಒಂದು ರಾತ್ರಿ ಪತಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನನಗೆ ಅವರಲ್ಲಿ ಆಸಕ್ತಿಯೇ ಉಳಿದಿಲ್ಲವೆಂದು ಅವರು ಒಳಗೊಳಗೇ ನೊಂದಿದ್ದರಂತೆ. ಈಗ "ಇವತ್ತು ಹೊಟ್ಟೆ ಹೇಗುಂಟು?" ಎಂದು ಅವರೇ ಕೇಳುತ್ತಾರೆ. ಸರಿಯಿಲ್ಲವೆಂದರೆ ಕೈ ಹಿಡಿದು ಮಲಗುತ್ತೇವೆ, ಅದೂ ನನಗೆ ಸಣ್ಣ ಸಮಾಧಾನವಲ್ಲ.

ತಜ್ಞ ವೈದ್ಯರ ಬಳಿಗೆ ಇಬ್ಬರೂ ಒಟ್ಟಿಗೇ ಹೋದೆವು. ಈ ಕಾಯಿಲೆ ಅಂಟುವುದಿಲ್ಲವೆಂದೂ, ದಣಿವಿಗೆ ರಕ್ತಹೀನತೆ ಕಾರಣವಿರಬಹುದೆಂದೂ, ಮಗು ಬೇಕಿದ್ದರೆ ಕಾಯಿಲೆ ಕನಿಷ್ಠ 3ರಿಂದ 6 ತಿಂಗಳು ಹತೋಟಿಯಲ್ಲಿರುವುದು ಒಳ್ಳೆಯದೆಂದೂ, ಮಾತ್ರೆಗಳನ್ನು ನಾವಾಗಿಯೇ ನಿಲ್ಲಿಸಬಾರದೆಂದೂ ಅವರು ವಿವರಿಸಿದರು. ಪರೀಕ್ಷೆಯಲ್ಲಿ ಕಬ್ಬಿಣಾಂಶ ಕಡಿಮೆಯೆಂದು ತಿಳಿದು ಅದಕ್ಕೂ ಚಿಕಿತ್ಸೆ ಆರಂಭವಾಗಿದೆ. ಉಂಡ ಕೂಡಲೇ ಕರುಳು ಚುರುಕಾಗುವುದರಿಂದ, ಬೆಳ್ತಿಗೆ ಅಕ್ಕಿಯ ಗಂಜಿಯನ್ನು ಸಂಜೆ ಏಳಕ್ಕೇ ಮುಗಿಸಿಬಿಡುತ್ತೇನೆ. ಮಲಗುವ ಹೊತ್ತಿಗೆ ಹೊಟ್ಟೆ ಶಾಂತವಾಗಿರುತ್ತದೆ.

ಸ್ಟೀರಾಯ್ಡ್‌ನಿಂದ ಊದಿದ ಮುಖದ ಬಗೆಗಿನ ಸಂಕೋಚ ಮಾತ್ರ ಇನ್ನೂ ಹೋಗಿಲ್ಲ. ಅದಕ್ಕಾಗಿ ಮುಂದಿನ ತಿಂಗಳು ಮಂಗಳೂರಿನಲ್ಲಿ ಆಪ್ತಸಮಾಲೋಚಕರನ್ನು ಕಾಣಲಿದ್ದೇವೆ.