ಪದಚರ್ಚೆ: ಲ್ಯಾಪ್ ಸ್ಟೀಲ್ ಗಿಟಾರಿನ ‘ಟ್ಯೂನಿಂಗ್’ಗೆ ‘ಶ್ರುತಿ’ ಎಂದರೆ ಸಾಕೇ, ‘ಮೇಳ’ ಎನ್ನಬಹುದೇ?

ಮಾನ್ಯರೇ,

ಮಡಿಲ ಮೇಲೆ ಮಲಗಿಸಿಕೊಂಡು ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ಲ್ಯಾಪ್ ಸ್ಟೀಲ್ ಗಿಟಾರ್ ಮತ್ತು ಒಡಲೊಳಗೆ ಅಲ್ಯೂಮಿನಿಯಂ ಬೋಗುಣಿಯನ್ನು ಇರಿಸಿಕೊಂಡಿರುವ ರೆಸೊನೇಟರ್ ಗಿಟಾರ್, ಇವೆರಡನ್ನೂ ಹೊಸದಾಗಿ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಕುದುರೆ, ಬಿರಡೆ, ತಂತಿ ಎಂಬ ಮಾತುಗಳು ವೀಣೆಯಿಂದ ತಾವಾಗಿಯೇ ಒದಗಿ ಬಂದವು. ‘ಟ್ಯೂನಿಂಗ್’ ಎಂಬ ಒಂದೇ ಮಾತಿನ ಬಳಿ ಬಂದು ನಿಂತಿದ್ದೇನೆ. ಅದಕ್ಕೆ ‘ಶ್ರುತಿ’ ಎಂದು ಬರೆದದ್ದರಿಂದ ಒಂದು ಗೊಂದಲ ಉಂಟಾಗಿದೆಯಾದ್ದರಿಂದ ಬಲ್ಲವರ ಅಭಿಪ್ರಾಯ ಕೇಳಬಯಸುತ್ತೇನೆ.

ಆದದ್ದು ಇಷ್ಟು. ಕರಡಿನಲ್ಲಿ ‘ರೆಸೊನೇಟರ್ ಗಿಟಾರಿಗೆ ಜಿ ಶ್ರುತಿಯೇ ಹೆಚ್ಚು ಬಳಕೆಯಲ್ಲಿದೆ’ ಎಂದು ಬರೆದಿದ್ದೆ. ಅದನ್ನು ಓದಿದ ಪರಿಚಯದ ಯುವಕರೊಬ್ಬರು ತಮ್ಮ ಮಾಮೂಲಿ ಗಿಟಾರನ್ನೇ ಮಡಿಲಲ್ಲಿಟ್ಟುಕೊಂಡು, ಎಲ್ಲಿಯೋ ಸಿಕ್ಕ ಪಟ್ಟಿಯೊಂದನ್ನು ನೋಡಿ ತಂತಿಗಳನ್ನು ಬಿಗಿಯತೊಡಗಿದರು. ದಪ್ಪ ತಂತಿಯಿಂದ ಸಣ್ಣ ತಂತಿಯ ಕಡೆಗೆ ಜಿ–ಬಿ–ಡಿ–ಜಿ–ಬಿ–ಡಿ ಎಂದು (ಇವು ಪಾಶ್ಚಾತ್ಯ ಸಂಗೀತದ ಸ್ವರಗಳ ಹೆಸರುಗಳು) ಆ ಪಟ್ಟಿಯಲ್ಲಿತ್ತು. ಆರನೆಯ ತಂತಿ, ಎಂದರೆ ಎಲ್ಲಕ್ಕಿಂತ ದಪ್ಪದ್ದು, ಹೇಗೋ ಮೇಲೇರಿತು. ಐದನೆಯದು ಹಳೆಯದಾಗಿತ್ತು, ಬಿರಡೆಯನ್ನು ಇನ್ನೊಂದು ಸುತ್ತು ತಿರುವುವಷ್ಟರಲ್ಲಿ ಅದು ಬಿರಡೆಯ ಬಳಿಯೇ ತುಂಡಾಗಿ ಅವರ ಮುಂಗೈಗೆ ಬಾರಿಸಿತು. ನನ್ನ ಮನಸ್ಸಿನಲ್ಲಿದ್ದ ‘ಜಿ ಶ್ರುತಿ’ ಡಿ–ಜಿ–ಡಿ–ಜಿ–ಬಿ–ಡಿ ಆಗಿತ್ತು. ಅದರಲ್ಲಿ ಮಾಮೂಲಿ ಗಿಟಾರಿನ ಯಾವ ತಂತಿಯನ್ನೂ ಏರಿಸಬೇಕಾಗಿಲ್ಲ, ಮೂರನ್ನು ಇಳಿಸಿದರೆ ಸಾಕು. ಅವರು ಹಿಡಿದ ಪಟ್ಟಿಯಲ್ಲಾದರೋ ಆರನೆಯ ತಂತಿ ಮೂರು ಅರ್ಧಸ್ವರ ಮೇಲೇರಬೇಕು, ಐದನೆಯದು ಎರಡು. ಬಿಗಿತ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಒಂದರ ಮೇಲೆ ಸುಮಾರು ಶೇಕಡ 41ರಷ್ಟು, ಇನ್ನೊಂದರ ಮೇಲೆ ಶೇಕಡ 26ರಷ್ಟು ಹೆಚ್ಚಿನ ಎಳೆತ ಬೀಳುತ್ತದೆ. ಚೌಕ ಕತ್ತಿನ ರೆಸೊನೇಟರ್ ಈ ಎಳೆತವನ್ನು ತಾಳಿಕೊಳ್ಳುವಂತೆಯೇ ತಯಾರಾಗಿರುತ್ತದೆ, ದುಂಡು ಕತ್ತಿನ ವಾದ್ಯಗಳು ಹಾಗಲ್ಲ. ಎರಡೂ ಜೋಡಣೆಗಳು ಜಿ ಸ್ವರದ ಮೇಲೆ ನಿಂತವುಗಳೇ, ಎರಡನ್ನೂ ‘ಓಪನ್ ಜಿ’ ಎಂದೇ ಕರೆಯುವುದುಂಟು. ಆದರೆ ಕನ್ನಡದಲ್ಲಿ ಬರೆಯುವಾಗ ಈ ಎರಡನ್ನು ಬೇರ್ಪಡಿಸಿ ಹೇಳುವ ಹೊಣೆ ನನ್ನದಾಗಿತ್ತು, ನಾನು ಬಳಸಿದ ಪದಕ್ಕೆ ಆ ಶಕ್ತಿ ಇರಲಿಲ್ಲ.

ನಮ್ಮ ಬಳಕೆಯಲ್ಲಿ ‘ಶ್ರುತಿ’ ಏನೇನನ್ನು ಹೇಳುತ್ತದೆ ಎಂಬುದನ್ನು ನೋಡೋಣ. ‘ತಂಬೂರಿ ಶ್ರುತಿ ಮಾಡು’, ‘ಶ್ರುತಿ ಸೇರಿಸು’ ಎಂದಾಗ ಅದು ಬಿರಡೆ ತಿರುವುವ ಕೆಲಸ. ‘ಅವರದು ಐದೂವರೆ ಮನೆ ಶ್ರುತಿ’ ಎಂದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳಿದಾಗಲೂ, ಯಕ್ಷಗಾನದ ಭಾಗವತರು ‘ಕಪ್ಪು ಎರಡು’ ಎಂದಾಗಲೂ ಅದು ಆಧಾರ ಷಡ್ಜದ ಎತ್ತರ. ಮೂರನೆಯದಾಗಿ, ಹಾಡಿನ ಚಲನೆಗೆ ತಕ್ಕಂತೆ ಆಧಾರವನ್ನೇ ಬದಲಿಸಿ ‘ಮಧ್ಯಮ ಶ್ರುತಿಯಲ್ಲಿ ಹಾಡಿದರು’ ಎನ್ನುವಾಗ ಅದು ಎತ್ತರವನ್ನಷ್ಟೇ ಅಲ್ಲದೆ ಯಾವ ಸ್ವರವನ್ನು ನೆಲೆಯಾಗಿ ಹಿಡಿದಿದ್ದೇವೆ ಎಂಬುದನ್ನೂ ಸೂಚಿಸುತ್ತದೆ. ಈ ಮೂರನೆಯ ಅರ್ಥ ನನಗೆ ಬೇಕಾದದ್ದಕ್ಕೆ ಹತ್ತಿರದ್ದು. ಆದರೂ ಆರು ತಂತಿಗಳ ನಡುವಣ ಸಂಬಂಧವನ್ನು ಒಟ್ಟಾಗಿ ಹೇಳುವಷ್ಟು ದೂರ ಅದು ಹೋಗುವುದಿಲ್ಲ.

ಸ್ಟೀಲ್ ಗಿಟಾರಿನಲ್ಲಿ ಆ ಸಂಬಂಧವೇ ಎಲ್ಲಕ್ಕಿಂತ ಮುಖ್ಯವಾದದ್ದು. ಮಾಮೂಲಿ ಗಿಟಾರಿನಲ್ಲಿ ಬೆರಳುಗಳು ಬೇರೆ ಬೇರೆ ಮೆಟ್ಟಿಲುಗಳನ್ನು ಒತ್ತಿ ಯಾವ ಸ್ವರಗುಚ್ಛವನ್ನಾದರೂ (ಕಾರ್ಡ್) ಕಟ್ಟಬಲ್ಲವು. ಹವಾಯಿಯ ಜೋಸೆಫ್ ಕೆಕುಕು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದರೆನ್ನಲಾದ ಈ ಶೈಲಿಯಲ್ಲಿ ಒತ್ತುವುದು ನೇರವಾದ ಒಂದು ಕಡ್ಡಿ, ಅದು ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ಮುಟ್ಟುತ್ತದೆ. ಬಿಡುತಂತಿಗಳಲ್ಲಿ, ಎಂದರೆ ಏನನ್ನೂ ತಾಗಿಸದೆ ಮೀಟಿದ ತಂತಿಗಳಲ್ಲಿ, ಏನಿದೆಯೋ ಅದೇ ಮೇಲೆ ಕೆಳಗೆ ಜಾರುತ್ತದೆ. ಆದ್ದರಿಂದಲೇ ಯಾವ ಜೋಡಣೆಯನ್ನು ಆರಿಸಿಕೊಳ್ಳುತ್ತೇವೆ ಎಂಬುದು ಯಾವ ಬಗೆಯ ಸಂಗೀತ ಕೈಗೆ ಸುಲಭವಾಗಿ ಬರುತ್ತದೆ ಎಂಬುದನ್ನೇ ನಿರ್ಧರಿಸುತ್ತದೆ. ಸಿ–ಇ–ಜಿ–ಎ–ಸಿ–ಇ ಎಂಬ ‘ಸಿ ಸಿಕ್ಸ್ತ್’ ಜೋಡಣೆಯ ದಪ್ಪ ಮೂರು ತಂತಿಗಳನ್ನು ಮೀಟಿದರೆ ಮೇಜರ್ ಗುಚ್ಛ, ಸಣ್ಣ ಮೂರನ್ನು ಮೀಟಿದರೆ ಮೈನರ್ ಗುಚ್ಛ. ಕಡ್ಡಿಯನ್ನು ಕದಲಿಸಬೇಕಾಗಿಯೇ ಇಲ್ಲ. ಜಿ–ಬಿ–ಡಿ–ಜಿ–ಬಿ–ಡಿಯಲ್ಲಿ ಮೇಲಿನ ಮೂರು ತಂತಿಗಳು ಕೆಳಗಿನ ಮೂರನ್ನೇ ಒಂದು ಸ್ಥಾಯಿ ಮೇಲೆ ಮತ್ತೆ ಹೇಳುತ್ತವೆ, ಹಾಗಾಗಿ ಅಮೆರಿಕದ ಬ್ಲೂಗ್ರಾಸ್ ಸಂಗೀತದ ವೇಗದ ನಡೆಗಳಿಗೆ ಅದು ಹೊಂದುತ್ತದೆ.

ಈ ಜೋಡಣೆಗಳನ್ನು ಕಾಗದದ ಮೇಲೆ ಸರಿಗಮದಲ್ಲಿ ಬರೆದು ನೋಡಿದಾಗ ನನಗೆ ಬೆಳಕು ಹರಿಯಿತು. ಡಿ–ಎ–ಡಿ–ಎಫ್ ಶಾರ್ಪ್–ಎ–ಡಿ ಎಂಬ ‘ಓಪನ್ ಡಿ’ಯೂ ಇ–ಬಿ–ಇ–ಜಿ ಶಾರ್ಪ್–ಬಿ–ಇ ಎಂಬ ‘ಓಪನ್ ಇ’ಯೂ ಇಂಗ್ಲಿಷಿನಲ್ಲಿ ಎರಡು ಹೆಸರಿನವು, ನಮಗೆ ಎರಡೂ ಸ–ಪ–ಸ–ಗ–ಪ–ಸ. ಮೊದಲನೆಯದು ಎರಡು ಮನೆ ಶ್ರುತಿಯಲ್ಲಿದೆ, ಎರಡನೆಯದು ಮೂರು ಮನೆಯಲ್ಲಿ, ಅಷ್ಟೇ ವ್ಯತ್ಯಾಸ. ಹಾಗೆಯೇ ನನ್ನನ್ನು ಕಾಡಿದ ಎರಡು ‘ಓಪನ್ ಜಿ’ಗಳಲ್ಲಿ ಒಂದು ಪ–ಸ–ಪ–ಸ–ಗ–ಪ, ಇನ್ನೊಂದು ಸ–ಗ–ಪ–ಸ–ಗ–ಪ. ಎತ್ತರ ಎರಡಕ್ಕೂ ಐದು ಮನೆಯೇ, ಆದರೆ ಜೋಡಣೆ ಪೂರ್ತಿ ಬೇರೆ. ಕನ್ನಡದ ಪದಗಳು ಇಲ್ಲಿ ಇಂಗ್ಲಿಷಿಗಿಂತ ಸ್ಪಷ್ಟವಾಗಿ ಮಾತನಾಡಬಲ್ಲವು. ಎತ್ತರಕ್ಕೊಂದು, ಜೋಡಣೆಗೊಂದು ಪದ ಇದ್ದರೆ ಸಾಕು. ಎತ್ತರಕ್ಕೆ ‘ಶ್ರುತಿ’ ಇದೆ. ಜೋಡಣೆಗೆ?

ಅದಕ್ಕೆ ‘ಮೇಳ’ ಎಂಬುದನ್ನು ಸೂಚಿಸಲು ಧೈರ್ಯ ಬಂದದ್ದು ನಮ್ಮದೇ ಶಾಸ್ತ್ರಗ್ರಂಥದಿಂದ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಜೇಂದ್ರ ಮೇಳ ವೀಣೆ ಎಂಬ ಹೆಸರುಗಳು ಬರುತ್ತವೆ. ಇವುಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಬಿಡುತಂತಿಗಳಿಗೆ ಯಾವ ಸ್ವರ ಕೂಡಿಸಿದೆ ಎಂಬುದೇ. ಶುದ್ಧಮೇಳದಲ್ಲಿ ಸ–ಪ–ಸ–ಮ, ಮಧ್ಯಮೇಳದಲ್ಲಿ ಪ–ಸ–ಪ–ಸ. ಹವಾಯಿಯವರ ‘ಟ್ಯಾರೋ ಪ್ಯಾಚ್’, ಎಂದರೆ ನಾನು ಮೇಲೆ ಹೇಳಿದ ಡಿ–ಜಿ–ಡಿ–ಜಿ–ಬಿ–ಡಿ ಜೋಡಣೆಯ ದಪ್ಪ ನಾಲ್ಕು ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿ: ಪ–ಸ–ಪ–ಸ. ಒಂದಕ್ಕೂ ಇನ್ನೊಂದಕ್ಕೂ ಚಾರಿತ್ರಿಕ ನಂಟಿದೆ ಎಂದು ನಾನು ಹೇಳುತ್ತಿಲ್ಲ. ನಾಲ್ಕು ತಂತಿಗಳನ್ನು ಆಧಾರ ಮತ್ತು ಪಂಚಮಕ್ಕೆ ಕೂಡಿಸುವುದು ಯಾರಿಗಾದರೂ ಹೊಳೆಯುವಂಥದ್ದೇ. ಆದರೆ ಆ ಜೋಡಣೆಯನ್ನು ಹೆಸರಿಸುವ ಪದ ನಮ್ಮಲ್ಲಿ ನಾಲ್ಕೂಮುಕ್ಕಾಲು ಶತಮಾನದಿಂದ ಇದೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತು. ‘ಟ್ಯಾರೋ’ ಎಂಬುದು ಪತ್ರೊಡೆಗೆ ಬಳಸುವ ನಮ್ಮ ಕೆಸುವೇ ಆದ್ದರಿಂದ ಆ ಜೋಡಣೆಯನ್ನು ಕೈಪಿಡಿಯಲ್ಲಿ ‘ಕೆಸುಗದ್ದೆ ಮೇಳ’ ಎಂದೇ ಬರೆಯಬೇಕೆಂದಿದ್ದೇನೆ.

ಇದಕ್ಕೆ ಬರಬಹುದಾದ ಆಕ್ಷೇಪಗಳೂ ಕಾಣುತ್ತಿವೆ. ಇಂದು ಸಂಗೀತ ಬಲ್ಲವರ ಕಿವಿಗೆ ‘ಮೇಳ’ ಎಂದೊಡನೆ ಎಪ್ಪತ್ತೆರಡು ಮೇಳಕರ್ತ ರಾಗಗಳು ನೆನಪಾಗುತ್ತವೆ, ಕರಾವಳಿಯವರಿಗೆ ಯಕ್ಷಗಾನದ ಮೇಳ ನೆನಪಾಗುತ್ತದೆ. ಅದಕ್ಕಾಗಿ ‘ತಂತಿಮೇಳ’ ಎಂದು ಸಮಾಸ ಮಾಡಿಕೊಂಡರೆ ಗೊಂದಲ ತಪ್ಪೀತೆಂದು ತೋರುತ್ತದೆ. ‘ಶ್ರುತಿವಿನ್ಯಾಸ’ ಎಂದು ಸ್ನೇಹಿತರೊಬ್ಬರು ಸೂಚಿಸಿದರು; ಅದು ಅರ್ಥವಾಗುತ್ತದೆ, ಆದರೆ ಪುಸ್ತಕದಿಂದ ಆಚೆ ಯಾರ ಬಾಯಲ್ಲೂ ನಿಲ್ಲದು. ‘ತೆರೆದ ಶ್ರುತಿ’ ಎಂಬ ಪದಶಃ ಅನುವಾದವನ್ನಂತೂ ನಾನು ಒಪ್ಪಲಾರೆ, ಶ್ರುತಿಯನ್ನು ತೆರೆಯುವುದೂ ಮುಚ್ಚುವುದೂ ಕನ್ನಡದ ಮಾತಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ, ಅದಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನವಿಲ್ಲ. ನಮ್ಮಲ್ಲಿ ‘ಸ’ ಎಂದರೆ ಹಾಡಿನ ಆಧಾರ. ಐದು ಮನೆಯ ಸ–ಗ–ಪ–ಸ–ಗ–ಪ ಮೇಳದಲ್ಲಿ ಕೂಡಿಸಿದ ಗಿಟಾರಿನಲ್ಲೇ ವಾದಕನು ಕಡ್ಡಿಯನ್ನು ಏಳನೆಯ ಗೆರೆಗೆ ಒಯ್ದು ಡಿ ಸ್ವರವನ್ನು ಆಧಾರವಾಗಿ ಹಿಡಿದ ಹಾಡನ್ನು ನುಡಿಸಬಹುದು. ಆಗ ಬಿಡುತಂತಿಯ ‘ಸ’ ಹಾಡಿನಲ್ಲಿ ಮಧ್ಯಮವಾಗಿಬಿಡುತ್ತದೆ. ಕರ್ನಾಟಕ ಸಂಗೀತ ಕಲಿತವರು ಇಲ್ಲಿ ಖಂಡಿತ ತಡವರಿಸುತ್ತಾರೆ. ಮೇಳದ ಹೆಸರಿನಲ್ಲಿರುವ ‘ಸ’ ತಂತಿಗಳ ಪರಸ್ಪರ ದೂರವನ್ನು ತೋರಿಸುವ ಗುರುತು ಮಾತ್ರ ಎಂದು ಮೊದಲ ಪುಟದಲ್ಲೇ ಬರೆದರೆ ಸಾಕೇ, ಅಥವಾ ಬೇರೆ ಗುರುತುಗಳನ್ನೇ ಬಳಸಬೇಕೇ?

‘ಶ್ರುತಿ’ಯನ್ನು ಈ ಕೆಲಸದಿಂದ ಬಿಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೊಬೈಲಿನ ಟ್ಯೂನರ್ ನೋಡಿ ಮೂರನೆಯ ಸ್ವರವನ್ನು ಕೂಡಿಸಿದರೆ ಅದು ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಭಾಗ) ಮೇಲಿರುತ್ತದೆ. ಕಡ್ಡಿ ಜಾರಿಸಿ ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟಿದಾಗ ಆ ಒರಟು ಅಲುಗಾಟ ಕಿವಿಗೆ ಚುಚ್ಚುವುದರಿಂದ ಅನೇಕ ಸ್ಟೀಲ್ ವಾದಕರು ಗಾಂಧಾರದ ತಂತಿಯನ್ನು ಕಿವಿಯಿಂದಲೇ ಕೂದಲೆಳೆಯಷ್ಟು ಇಳಿಸಿಕೊಳ್ಳುತ್ತಾರೆ. ಇದನ್ನು ಕನ್ನಡದಲ್ಲಿ ‘ಮೇಳ ಅದೇ, ಶ್ರುತಿ ಮಾತ್ರ ತಿದ್ದಿಕೊಂಡರು’ ಎಂದು ಒಂದೇ ಉಸಿರಿನಲ್ಲಿ ಹೇಳಬಹುದು. ಎರಡಕ್ಕೂ ಒಂದೇ ಪದವಿದ್ದರೆ ಈ ವಾಕ್ಯವೇ ಹುಟ್ಟುವುದಿಲ್ಲ.

ಜೊತೆಗೊಂದು ಚಿಕ್ಕ ಪ್ರಶ್ನೆ. ಜಾರಿಸುವ ಉಕ್ಕಿನ ಕಡ್ಡಿಗೆ, ತುಂಡೊಂದನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ವೀಣೆಯಂಥ ಗೋಟುವಾದ್ಯದ ‘ಗೋಟು’ ಎಂಬ ಹೆಸರನ್ನೇ ಬಳಸಬಹುದೆಂದು ನನ್ನ ಎಣಿಕೆ. ಆದರೆ ಮಲೆನಾಡಿನ ಓದುಗರಿಗೆ ಗೋಟು ಎಂದರೆ ಮೊದಲು ಗೋಟಡಿಕೆ ನೆನಪಾಗುತ್ತದೆ. ವೀಣೆ, ಗೋಟುವಾದ್ಯ ಅಥವಾ ಸ್ಲೈಡ್ ಗಿಟಾರ್ ನುಡಿಸುವವರು ಈ ಬಳಗದಲ್ಲಿದ್ದರೆ, ತಾವು ಅಭ್ಯಾಸದ ಮನೆಯಲ್ಲಿ ಈ ವಸ್ತುವಿಗೆ ಏನೆನ್ನುತ್ತೀರಿ, ‘ತಂತಿಮೇಳ’ ಎಂದು ಯಾರಾದರೂ ಹೇಳಿದರೆ ವಿವರಣೆಯಿಲ್ಲದೆ ತಮಗೆ ಅರ್ಥವಾದೀತೇ ಎಂಬುದನ್ನು ದಯವಿಟ್ಟು ತಿಳಿಸಬೇಕು.

ವಂದನೆಗಳೊಂದಿಗೆ.