ಜರ್ಬಿಲ್‌ಗಳು ಬಿಡುವಿಲ್ಲದೆ ಮೂಲೆ ಕೆರೆಯುತ್ತವೆ, ಕಂಬಿ ಕಚ್ಚುತ್ತವೆ. ಬೆಡ್ಡಿಂಗ್ ಆಳ ಮಾಡಿದರೆ ಸಾಕೆ?

ಕಿರುಬಾಲ (ಪ್ರಶ್ನೆ):

ನಮಸ್ಕಾರ. ಎರಡು ಗಂಡು ಜರ್ಬಿಲ್‌ಗಳಿವೆ (ಇಲಿಯಂಥ ಸಣ್ಣ ಸಾಕುಪ್ರಾಣಿ), ಒಂದೇ ಸೂಲಿನವು, ವಯಸ್ಸು ನಾಲ್ಕು ತಿಂಗಳು. ಸುತ್ತ ಕಂಬಿ, ಕೆಳಗೆ ಪ್ಲಾಸ್ಟಿಕ್ ಟ್ರೇ ಇರುವ ಪಂಜರ, ಅಳತೆ 60 × 40 ಸೆಂ.ಮೀ. ಟ್ರೇಯಲ್ಲಿ ಬೆಡ್ಡಿಂಗ್ ಆಗಿ, ಅಂದರೆ ತಳದ ಹಾಸಾಗಿ, 5 ಸೆಂ.ಮೀ.ನಷ್ಟು ಪೈನ್ ಶೇವಿಂಗ್ಸ್ (ಪೈನ್ ಮರದ ಹೆರೆದ ಚೂರು) ಇದೆ. ವಾರಕ್ಕೊಮ್ಮೆ ಪೂರ್ತಿ ಬದಲಾಯಿಸಿ ಟ್ರೇ ತೊಳೆಯುತ್ತೇನೆ.

ತೊಂದರೆ ಮೂರು. ಎರಡೂ ಒಂದೇ ಮೂಲೆಯಲ್ಲಿ ನಿಂತು ಮುಂಗಾಲಿನಿಂದ ಬರಿಯ ಪ್ಲಾಸ್ಟಿಕ್ಕನ್ನು ಕೆರೆಯುತ್ತಲೇ ಇರುತ್ತವೆ. ದೊಡ್ಡದು ಕಂಬಿ ಕಚ್ಚುತ್ತದೆ. ಅದರ ಮೂಗಿನ ಮೇಲೆ ಕೂದಲು ಉದುರಿದೆ, ಕೆಂಪಗೆ ಏನೋ ಅಂಟಿಕೊಂಡಿದೆ, ರಕ್ತವೋ ಬೇರೆಯೋ ತಿಳಿಯುತ್ತಿಲ್ಲ. ಬಟ್ಟಲು ತುಂಬ ಮಿಶ್ರ ಕಾಳು ಹಾಕಿದರೂ ಸೂರ್ಯಕಾಂತಿ ಬೀಜ ಮಾತ್ರ ಆರಿಸಿ ತಿಂದು ಉಳಿದದ್ದನ್ನು ಚೆಲ್ಲುತ್ತವೆ. ಬೆಡ್ಡಿಂಗ್ ಆಳ ಮಾಡಿದರೆ ಸಾಕೆ, ಇಲ್ಲ ಚಕ್ರ ತಂದಿಡಬೇಕೆ?

ಬಿಲದಬಾಗಿಲು:

ಚಕ್ರದಿಂದ ಕೆರೆತ ನಿಲ್ಲುವುದಿಲ್ಲ. ಆಳ ಬೇಕೇ ಬೇಕು, ಆದರೆ ಆಳವೊಂದೇ ಸಾಲದು. ಜರ್ಬಿಲ್ ಅಗೆಯುವುದು ಒಳಗೆ ಹೋಗಿ ಸೇರಿಕೊಳ್ಳಲು ಕತ್ತಲೆಯ ಗೂಡೊಂದು ಬೇಕು ಅಂತ. ಗೂಡು ಸಿಕ್ಕರೆ ಅಗೆತ ತಾನಾಗಿ ಕಡಿಮೆಯಾಗುತ್ತದೆ. ಸಿಗದಿದ್ದರೆ ಅದೇ ಮೂಲೆಯಲ್ಲಿ ಅದೇ ಚಲನೆ ಚಟವಾಗಿ ಕೂರುತ್ತದೆ. ಕ್ರಿಸ್ಟೋಫ್ ವೀಡನ್‌ಮೈಯರ್ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಒಣ ಮರಳಿನಲ್ಲಿ ಬೆಳೆದ ಮರಿಗಳಿಗೆ ಅಗೆಯಲು ಬೇಕಾದಷ್ಟಿತ್ತು, ಆದರೆ ಮರಳು ಕುಸಿಯುವುದರಿಂದ ಬಿಲ ನಿಲ್ಲಲಿಲ್ಲ. ಅವು ಮೂಲೆ ಕೆರೆಯುವ ಚಟ ಬೆಳೆಸಿಕೊಂಡವು. ಅಗೆಯಲು ಏನೂ ಇಲ್ಲದೆ ಕೊಳವೆ ಮತ್ತು ಗೂಡಿನ ಸಿದ್ಧ ಬಿಲ ಪಡೆದವು ಬೆಳೆಸಿಕೊಳ್ಳಲಿಲ್ಲ. ಹಾಗಾಗಿ ನೀವು ಕೊಡಬೇಕಾದದ್ದು ಕುಸಿಯದೆ ನಿಲ್ಲುವ ಬಿಲ.

ಮೊದಲು ಆ ಕಂಬಿ ಪಂಜರ ಬಿಡಿ. ಜೋಡಿಗೆ 100 × 50 ಸೆಂ.ಮೀ. ತಳ, 50 ಸೆಂ.ಮೀ. ಎತ್ತರದ ಗಾಜಿನ ಟ್ಯಾಂಕ್ ಒಳ್ಳೆಯದು. ಮೇಲೆ ತಂತಿ ಜಾಲರಿಯ ಮುಚ್ಚಳ, ಕ್ಲಿಪ್ ಸಮೇತ. ನಿಂತಲ್ಲಿಂದಲೇ ಚೆನ್ನಾಗಿ ಜಿಗಿಯುವ ಪ್ರಾಣಿ ಇದು. ಟ್ಯಾಂಕಿಗೆ ನೇರ ಬಿಸಿಲು ಬೀಳಬಾರದು, ಗಾಜಿನೊಳಗೆ ಬಿಸಿ ಬೇಗ ಏರುತ್ತದೆ.

ತುಂಬುವ ಬಗೆ ಹೀಗೆ. ಪೇಪರ್ ಬೆಡ್ಡಿಂಗ್ ಮೂರು ಪಾಲು, ಒಣಹುಲ್ಲು ಒಂದು ಪಾಲು, ಜೊತೆಗೆ ಹರಿದ ರಟ್ಟಿನ ಚೂರು ಒಂದಷ್ಟು. ಒಂದೇ ಸಲ ಸುರಿಯಬೇಡಿ. 5 ಸೆಂ.ಮೀ. ಹಾಕಿ ಅಂಗೈಯಿಂದ ಬಲವಾಗಿ ಅದುಮಿ, ಮೇಲೆ ತೆಳ್ಳಗೆ ಹುಲ್ಲು ಹರಡಿ, ಮತ್ತೆ 5 ಸೆಂ.ಮೀ. ಹೀಗೆ ಒಂದು ಕಡೆ 30 ಸೆಂ.ಮೀ. ತನಕ ಏರಿಸಿ, ಇನ್ನೊಂದು ಕಡೆಗೆ 15 ಸೆಂ.ಮೀ.ಗೆ ಇಳಿಸಿ. ಗಟ್ಟಿತನ ನೋಡಲು ಎರಡು ಬೆರಳು ಓರೆಯಾಗಿ ಪೂರ್ತಿ ತೂರಿಸಿ ಹಿಂದೆ ತೆಗೆಯಿರಿ. ತೂತು ಹಾಗೇ ನಿಂತರೆ ಸರಿ, ಬಾಯಿ ಮುಚ್ಚಿಕೊಂಡರೆ ಇನ್ನೂ ಅದುಮಬೇಕು, ಹುಲ್ಲು ಹೆಚ್ಚಿಸಬೇಕು. ಹುಲ್ಲಿನ ಉದ್ದ ಎಳೆಗಳೇ ಬಿಲದ ಚಾವಣಿಯನ್ನು ಹಿಡಿದು ನಿಲ್ಲಿಸುವುದು. ಅದಕ್ಕೆ ಕತ್ತರಿಸಿ ಹಾಕಬೇಡಿ.

ಆಳದ ಕಡೆ ತಳದಲ್ಲಿ 15 ಸೆಂ.ಮೀ. ಉದ್ದಗಲದ ಮರದ ಗೂಡುಪೆಟ್ಟಿಗೆ ಹೂತಿಡಿ. ಅದರ ಬಾಯಿಂದ ಮೇಲ್ಮೈಗೆ ರಟ್ಟಿನ ಕೊಳವೆ ಜೋಡಿಸಿ, ನಡುವೆ ಒಂದು ತಿರುವು ಇರಲಿ. ನೇರ ಕೊಳವೆಯಲ್ಲಿ ಬೆಳಕು ಗೂಡಿನ ತನಕ ಇಳಿಯುತ್ತದೆ, ಅಂಥದ್ದನ್ನು ಅವು ಬಿಲವೆಂದು ಒಪ್ಪುವುದು ಕಡಿಮೆ. ಕೊಳವೆಯನ್ನು ಕೆಲವೇ ದಿನದಲ್ಲಿ ಕಡಿದು ಪುಡಿ ಮಾಡುತ್ತವೆ, ಮಾಡಲಿ. ಅಷ್ಟರಲ್ಲಿ ದಾರಿ ಗಟ್ಟಿಯಾಗಿರುತ್ತದೆ. ಮರಳಿನ ಬಟ್ಟಲು, ಚಕ್ರದಂಥ ಭಾರದ ವಸ್ತುಗಳನ್ನು ಬೆಡ್ಡಿಂಗ್ ಮೇಲೆ ಇಡುವಂತಿಲ್ಲ. ಕೆಳಗೆ ಬಿಲ ಕೊರೆದಾಗ ಅವು ಕುಸಿದು ಪ್ರಾಣಿ ಸಿಕ್ಕಿಕೊಳ್ಳುತ್ತದೆ. ಟ್ಯಾಂಕಿನ ತಳಕ್ಕೆ ಕಾಲೂರಿದ ಮರದ ಅಟ್ಟದ ಮೇಲೆ ಇಡಿ. ಚಕ್ರ ಇಡುವುದಾದರೆ 28 ಸೆಂ.ಮೀ. ವ್ಯಾಸ, ಓಡುವ ಮೇಲ್ಮೈ ಸಂದಿಲ್ಲದೆ ತುಂಬಿರಬೇಕು. ಕಡ್ಡಿಗಳ ಚಕ್ರದಲ್ಲಿ ಕಾಲು, ಬಾಲ ಸಿಕ್ಕಿ ಮುರಿಯುತ್ತದೆ.

ವಾರಕ್ಕೊಮ್ಮೆ ಪೂರ್ತಿ ಬದಲಾಯಿಸುವುದನ್ನು ಇಂದೇ ನಿಲ್ಲಿಸಿ. ಮರುಭೂಮಿಯಂಥ ಒಣನಾಡಿನ ಪ್ರಾಣಿ, ಉಚ್ಚೆ ತೀರಾ ಕಡಿಮೆ. ಒದ್ದೆಯಾದ ಮೂಲೆಯನ್ನಷ್ಟೇ ತೆಗೆಯಿರಿ. ಎರಡು ತಿಂಗಳಿಗೊಮ್ಮೆ ಮೂರನೇ ಒಂದು ಭಾಗ ಹೊಸದು ಹಾಕಿದರೆ ಸಾಕು, ಗೂಡಿನ ಹಳೆಯ ತುಣುಕು ಮರಳಿ ಗೂಡಿಗೇ ಹೋಗಬೇಕು. ಒಂದನ್ನೊಂದು ಗುರುತಿಸುವುದು ವಾಸನೆಯಿಂದ. ಎಲ್ಲ ತೊಳೆದಿಟ್ಟರೆ ಒಂದೇ ಸೂಲಿನ ಗಂಡುಗಳೂ ಕಾದಾಡಬಹುದು.

ಇನ್ನೊಂದು ಮಾತು: ಚಟ ಆಗಲೇ ಬೇರೂರಿದ್ದರೆ ಬಿಲ ಕೊಟ್ಟ ಮೇಲೂ ಪೂರ್ತಿ ಹೋಗದೆ ಇರಬಹುದು. ಕಡಿಮೆಯಂತೂ ಆಗುತ್ತದೆ.

ಮೂಗುಮೀಸೆ:

ಮೂಗಿನ ವಿಷಯ. ಆ ಕೆಂಪು ಬಹುಪಾಲು ರಕ್ತವಲ್ಲ. ಕಣ್ಣಿನ ಹಿಂದಿನ ಹಾರ್ಡೇರಿಯನ್ ಗ್ರಂಥಿ ಪಾರ್ಫಿರಿನ್ ಎಂಬ ಕೆಂಪು ಬಣ್ಣದ ಸ್ರಾವ ಬಿಡುತ್ತದೆ, ಅದು ಮೂಗಿನ ಮೂಲಕ ಹೊರಬರುತ್ತದೆ. ಆರೋಗ್ಯವಂತ ಜರ್ಬಿಲ್ ಅದನ್ನು ಮೈ ನೆಕ್ಕುವಾಗ ಒರೆಸಿಕೊಳ್ಳುತ್ತದೆ, ಮರಳಿನಲ್ಲಿ ಹೊರಳಿ ತೆಗೆದುಕೊಳ್ಳುತ್ತದೆ. ಒತ್ತಡ ಇದ್ದರೆ, ಗಾಳಿಯಲ್ಲಿ ತೇವ ಶೇ. 50 ದಾಟಿದರೆ, ಮರಳು ಸಿಗದಿದ್ದರೆ ಸ್ರಾವ ಮೂಗಿನ ಸುತ್ತ ನಿಂತು ಚರ್ಮ ಕೆರಳುತ್ತದೆ. ನಿಮ್ಮಲ್ಲಿ ಕಂಬಿಯ ಉಜ್ಜಾಟವೂ ಸೇರಿದೆ. ಆ ಗಾಯದೊಳಗೆ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಹೊಕ್ಕರೆ ಹುಣ್ಣು ಕೆನ್ನೆ, ಮುಂಗಾಲಿಗೂ ಹರಡುತ್ತದೆ.

ಮಾಡಬೇಕಾದದ್ದು: ಭಾರದ ಬಟ್ಟಲಲ್ಲಿ 3–4 ಸೆಂ.ಮೀ. ನುಣುಪಾದ ಒಣ ಮರಳು. ಬಣ್ಣ, ಕ್ಯಾಲ್ಸಿಯಂ ಸೇರಿಸಿದ್ದು ಬೇಡ. ಚಿಂಚಿಲ್ಲಾ ಎಂಬ ಇನ್ನೊಂದು ಸಾಕುಪ್ರಾಣಿಗೆಂದು ಮಾರುವ ಧೂಳಿನಂಥ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ, ಅದೂ ಬೇಡ. ಎರಡು ಮೂರು ದಿನಕ್ಕೊಮ್ಮೆ ಜರಡಿ ಹಿಡಿಯಿರಿ. ಪೈನ್ ಶೇವಿಂಗ್ಸ್ ತೆಗೆಯಿರಿ. ಒಲೆಯಲ್ಲಿ ಒಣಗಿಸದ ಪೈನ್, ಸೀಡರ್‌ಗಳ ಸುಗಂಧ ತೈಲ ಮೂಗು, ಗಂಟಲನ್ನು ಕೆರಳಿಸುತ್ತದೆ.

ಸಿಪ್ಪೆಕಟ್ಟಿದ ಹುಣ್ಣು, ಊತ ಅಥವಾ ಉಸಿರಾಡುವಾಗ ಟಿಕ್ ಟಿಕ್ ಸದ್ದು ಕಂಡರೆ ಮನೆಮದ್ದು ಬೇಡ, ಅದೇ ದಿನ ಪಶುವೈದ್ಯರಿಗೆ ತೋರಿಸಿ. ಸಣ್ಣ ಪ್ರಾಣಿಗಳ ಅನುಭವ ಇಲ್ಲದ ವೈದ್ಯರಾದರೆ ಒಂದು ಮಾತು ಖಂಡಿತ ಹೇಳಿ: ಸ್ಟ್ರೆಪ್ಟೊಮೈಸಿನ್, ಡೈಹೈಡ್ರೊಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುವ ಚುಚ್ಚುಮದ್ದು ಜರ್ಬಿಲ್‌ಗೆ ಪ್ರಾಣಾಂತಿಕ.

ಕಾಳುಕಡ್ಡಿ:

ಆಹಾರದ್ದು ಸುಲಭ. ಬಟ್ಟಲು ತುಂಬಿಟ್ಟರೆ ಯಾವ ಜರ್ಬಿಲ್ ಆದರೂ ಆರಿಸಿಯೇ ತಿನ್ನುತ್ತದೆ. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅದನ್ನೇ ತಿಂದರೆ ಮೈ ಬರುತ್ತದೆ, ಮೂಳೆಗೆ ಬಲ ಬರುವುದಿಲ್ಲ. ಒಂದಕ್ಕೆ ದಿನಕ್ಕೆ ಸುಮಾರು 10 ಗ್ರಾಂ ಲೆಕ್ಕದಲ್ಲಿ ತೂಗಿ, ಬಟ್ಟಲು ಎತ್ತಿಟ್ಟು, ಬೆಡ್ಡಿಂಗ್ ಮೇಲೆಲ್ಲ ಚೆಲ್ಲಿ. ಹುಡುಕಿ ತಿನ್ನುವುದರಲ್ಲಿ ಕಂಬಿ ಕಚ್ಚುವ ಹೊತ್ತೂ ಕಳೆಯುತ್ತದೆ. ಹಿಂದಿನದು ತೀರುವ ತನಕ ಹೊಸದು ಬೇಡ. ಆದರೆ ಅವು ಬಿಲದಲ್ಲಿ ಬಚ್ಚಿಡುತ್ತವೆ, ಆದ್ದರಿಂದ ಕಣ್ಣಳತೆ ನಂಬದೆ ವಾರಕ್ಕೊಮ್ಮೆ ತೂಕ ನೋಡಿ. ಬೆಳೆದ ಗಂಡು ಸಾಮಾನ್ಯವಾಗಿ 65ರಿಂದ 100 ಗ್ರಾಂ. ಸೂರ್ಯಕಾಂತಿಯನ್ನು ಮಿಶ್ರಣದಿಂದ ಹೆಕ್ಕಿ ತೆಗೆದು, ದಿನಕ್ಕೆ ಒಂದೋ ಎರಡೋ ಬೀಜ ಕೈಯಿಂದ ಕೊಡಿ. ಪಳಗಿಸಲು ಅದಕ್ಕಿಂತ ಒಳ್ಳೆಯದಿಲ್ಲ. ನೀರಿನ ಬಾಟಲಿಯ ಮೂತಿ ಬೆಡ್ಡಿಂಗ್‌ಗೆ ತಾಗಬಾರದು. ತಾಗಿದರೆ ರಾತ್ರಿ ಬೆಳಗಾಗುವುದರಲ್ಲಿ ಬಾಟಲಿ ಖಾಲಿ, ಬಿಲ ಒದ್ದೆ, ಮೂಗಿನ ತೊಂದರೆ ಮತ್ತೆ ಶುರು.

ಕಿರುಬಾಲ:

ಎಲ್ಲರಿಗೂ ಧನ್ಯವಾದ. ಟ್ಯಾಂಕ್ ಸಿದ್ಧವಾಗಿದೆ. ಬಿಡಲೆಂದು ಹಿಡಿದಾಗ ಚಿಕ್ಕದು ಸೆಟೆದುಕೊಂಡು ಕಿವಿ, ಮೀಸೆ ನಡುಗಿಸಿ, ಆಮೇಲೆ ಸ್ವಲ್ಪ ಹೊತ್ತು ಅಲ್ಲಾಡಲೇ ಇಲ್ಲ. ಈಗ ಚೆನ್ನಾಗಿದೆ. ಇದೇನು?

ಬಿಲದಬಾಗಿಲು:

ಅದು ಮೂರ್ಛೆ, ಅಂದರೆ ಫಿಟ್ಸ್. ಜರ್ಬಿಲ್‌ಗಳಲ್ಲಿ ಸಾಮಾನ್ಯ, ವಂಶವಾಹಿಯಾಗಿ ಬರುತ್ತದೆ, ಹೆಚ್ಚಾಗಿ ಎರಡು ತಿಂಗಳ ವಯಸ್ಸಿನ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಹೊಸ ಜಾಗ, ಗಟ್ಟಿ ಸದ್ದು, ಅಪರಿಚಿತ ಕೈ ಅದನ್ನು ಎಬ್ಬಿಸುತ್ತವೆ. ಆ ಹೊತ್ತಿನಲ್ಲಿ ಬಾಯಿಗೆ ನೀರು ಹನಿಸುವುದು, ಮೈ ತಿಕ್ಕುವುದು ಬೇಡ. ಬೆಡ್ಡಿಂಗ್ ಮೇಲೆ ಇಳಿಸಿ, ಬೆಳಕು ತಗ್ಗಿಸಿ, ಸುಮ್ಮನೆ ಬಿಡಿ. ಕೆಲವು ನಿಮಿಷದಲ್ಲಿ ಸರಿಹೋಗುತ್ತದೆ. ಇಂಥದ್ದರಿಂದ ಮರಿ ಮಾಡಿಸಬಾರದು.

ಮುಂದೆ ಕೈಯಿಂದ ಹಿಡಿದು ಸಾಗಿಸಬೇಡಿ. ರಟ್ಟಿನ ಕೊಳವೆ ಮುಂದಿಡಿ, ತಾನಾಗಿ ಒಳಹೊಕ್ಕ ಮೇಲೆ ಎರಡೂ ಬಾಯಿ ಅಂಗೈಯಿಂದ ಮುಚ್ಚಿ ಎತ್ತಿ. ಬಾಲ ಹಿಡಿದು ಎತ್ತುವುದಂತೂ ಎಂದಿಗೂ ಬೇಡ. ತುದಿಯ ಕಡೆಯ ಚರ್ಮ ಕವಚದ ಹಾಗೆ ಕಳಚಿ ಕೈಗೆ ಬರುತ್ತದೆ, ಬರಿ ಎಲುಬು ಉಳಿದು ಒಣಗಿ ಉದುರುತ್ತದೆ, ಮತ್ತೆ ಬೆಳೆಯುವುದಿಲ್ಲ.

ಕಾಳುಕಡ್ಡಿ:

ಹೊಸ ಟ್ಯಾಂಕಿಗೆ ಹಳೆಯ ಪಂಜರದ ಗೂಡಿನಿಂದ ಒಣಗಿರುವ ಒಂದು ಹಿಡಿ ಸೇರಿಸಿ, ಎರಡನ್ನೂ ಒಟ್ಟಿಗೇ ಬಿಡಿ. ಅಟ್ಟಿಸಿಕೊಂಡು ಓಡುವುದು, ನಿಂತು ಮುಂಗಾಲಲ್ಲಿ ಗುದ್ದುವುದು ಆಟ. ಎರಡೂ ಚೆಂಡಾಗಿ ಉರುಳಿದರೆ, ಒಂದು ಇನ್ನೊಂದನ್ನು ಗೂಡಿಗೆ ಬಿಡದಿದ್ದರೆ, ಬಾಲದ ಬುಡದಲ್ಲಿ ಕಚ್ಚಿದ ಗುರುತಿದ್ದರೆ ಜಗಳ. ದಪ್ಪ ಕೈಗವಸು ಹಾಕಿಕೊಂಡು ಬೇರೆ ಮಾಡಿ. ಆಮೇಲೆ ಟ್ಯಾಂಕಿನ ನಡುವೆ ತಳದಿಂದ ಮುಚ್ಚಳದ ತನಕ ಸಣ್ಣ ಕಣ್ಣಿನ ಜಾಲರಿ, ಎರಡು ಪದರ, ನಡುವೆ ಒಂದು ಸೆಂ.ಮೀ. ಅಂತರ, ಒಂದೇ ಪದರವಾದರೆ ಒಂದರ ಕಾಲ್ಬೆರಳನ್ನು ಇನ್ನೊಂದು ಕಚ್ಚಿ ತೆಗೆಯುತ್ತದೆ. ಆಗ ಬೆಡ್ಡಿಂಗ್ 5 ಸೆಂ.ಮೀ. ಮಾತ್ರ ಇರಲಿ, ಇಲ್ಲದಿದ್ದರೆ ಜಾಲರಿಯ ಕೆಳಗೆ ಕೊರೆದು ಸೇರುತ್ತವೆ. ದಿನಕ್ಕೆ ಮೂರು ನಾಲ್ಕು ಸಲ ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಬದಲಾಯಿಸಿ. ಕನಿಷ್ಠ ಒಂದು ವಾರ. ಎರಡೂ ಜಾಲರಿಗೆ ಒತ್ತಿಕೊಂಡು ಅಕ್ಕಪಕ್ಕ ಮಲಗತೊಡಗಿದ ಮೇಲೆ, ಇಡೀ ದಿನ ಕಣ್ಣಿಡಲು ಬಿಡುವಿರುವ ದಿನ ನೋಡಿ ಜಾಲರಿ ತೆಗೆಯಿರಿ. ಆ ದಿನ ಬೆಳಗ್ಗೆಯೇ ತೆಗೆಯಿರಿ, ರಾತ್ರಿಯ ಹೊತ್ತು ಬೇಡ.