ಮೀಡಿಯಂ ವೇವ್‌ಗೆ ಲೂಪ್ ಹಾಕಿದ ಮೇಲೆ ಗದ್ದಲವೇ ಜಾಸ್ತಿ, ದಯವಿಟ್ಟು ದಾರಿ ತೋರಿಸಿ

ರಾತ್ರಿಗಿವಿ:
ಒಂದು ಮೀಟರ್ ವ್ಯಾಸದ ಆಕ್ಟಿವ್ ಲೂಪ್ (ಆಂಪ್ಲಿಫೈಯರ್ ಇರೋ ಬಳೆಯಾಕಾರದ ಆಂಟೆನಾ) ಹೊರಗೆ ಹಾಕಿದ್ದೇನೆ. 531ರಿಂದ 1602 ಕಿಲೊಹರ್ಟ್ಸ್‌ವರೆಗೆ ಎಲ್ಲಿ ಟ್ಯೂನ್ ಮಾಡಿದರೂ ಗುರ್ ಅನ್ನೋ ಸದ್ದೇ. ಸುಮಾರು 65 ಕಿಲೊಹರ್ಟ್ಸ್‌ಗೆ ಒಂದೊಂದು ಉಬ್ಬು. ಕೈರೇಡಿಯೋದ ಫೆರೈಟ್ ಕಡ್ಡಿಗೆ ಸಿಗೋ ದೂರದ ಸ್ಟೇಷನ್ ಇದಕ್ಕೆ ಸಿಗ್ತಿಲ್ಲ ಅಂದ್ರೆ ಏನರ್ಥ? ಆಂಟೆನಾನೇ ಕೆಟ್ಟಿದೆಯಾ? ಕತ್ತಲಾದ ಮೇಲೇ ಕೇಳ್ತಿರೋದು, ಅದನ್ನ ಮತ್ತೆ ಕೇಳಬೇಡಿ.

ಫೆರೈಟ್‌ಕಡ್ಡಿ:
ಆಂಟೆನಾ ಕೆಟ್ಟಿಲ್ಲ. 65ಕ್ಕೊಂದು ಉಬ್ಬು ಅಂದ್ರೆ ಸ್ವಿಚಿಂಗ್ ಸಪ್ಲೈ. ಬೇಕಾದಷ್ಟು ಅಡಾಪ್ಟರ್, ಎಲ್‌ಇಡಿ ಡ್ರೈವರ್‌ಗಳು ಆ ಆಸುಪಾಸಿನಲ್ಲೇ ಸ್ವಿಚ್ ಆಗ್ತವೆ, ಅವುಗಳ ಹಾರ್ಮೋನಿಕ್ (ಆ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟು ಹೀಗೆ) ಇಡೀ ಬ್ಯಾಂಡಿಗೆ ಹರಡುತ್ತೆ. ನನ್ನ ಪ್ರಕಾರ ಎಲ್‌ಇಡಿ ಬಲ್ಬ್. ಮೇನ್ ಆಫ್ ಮಾಡಿ ಬ್ಯಾಟರಿ ಮೇಲೆ ಕೇಳಿ, ಆಮೇಲೆ ಒಂದೊಂದೇ ಆನ್ ಮಾಡ್ತಾ ಹೋಗಿ.

ರಾತ್ರಿಗಿವಿ:
ಮೇನ್ ಆಫ್ ಮಾಡಿದೆ, ಲ್ಯಾಪ್‌ಟಾಪ್ ಬ್ಯಾಟರಿ ಮೇಲಿತ್ತು. ಗದ್ದಲ ಪೂರ್ತಿ ಮಾಯ. ಆನ್ ಮಾಡಿದ ತಕ್ಷಣ ವಾಪಸ್. ಬಲ್ಬ್, ಫ್ರಿಜ್, ರೂಟರ್ ಎಲ್ಲ ಕಿತ್ತು ನೋಡಿದೆ, ಒಂಚೂರೂ ಬದಲಾಗಲಿಲ್ಲ.

ಫೆರೈಟ್‌ಕಡ್ಡಿ:
ಯಾವುದೋ ಬಲ್ಬ್ ಉಳಿದಿದೆ. ಮೆಟ್ಟಿಲ ಹತ್ತಿರ, ಬಚ್ಚಲಲ್ಲಿ ನೋಡಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕೂಡ.

ಸೊನ್ನೆಬೀಟ್:
ಲ್ಯಾಪ್‌ಟಾಪ್ ಅಂದ್ರೆ ಎಸ್‌ಡಿಆರ್ (ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡೋ ರೇಡಿಯೋ) ಅಂತಾಯ್ತು. ಯಾವುದು? ಲೂಪಿನ ಆಂಪ್ಲಿಫೈಯರ್‌ಗೆ ಪವರ್ ಎಲ್ಲಿಂದ?

ರಾತ್ರಿಗಿವಿ:
ಆರ್‌ಟಿಎಲ್-ಎಸ್‌ಡಿಆರ್ ವಿ3 ಡಾಂಗಲ್, ಡೈರೆಕ್ಟ್ ಸ್ಯಾಂಪ್ಲಿಂಗ್. ಆಂಪ್ಲಿಫೈಯರ್‌ಗೆ 12 ವೋಲ್ಟ್ ಅಡಾಪ್ಟರ್, ಕೋಆಕ್ಸ್ (ಆಂಟೆನಾ ಕೇಬಲ್) ಒಳಗೇ ಮೇಲೆ ಹೋಗುತ್ತೆ. ಎಲ್ಲರದೂ ಹಾಗೇ ಅಲ್ವಾ?

ಸೊನ್ನೆಬೀಟ್:
ಹಾಗಿದ್ರೆ ಮೇನ್ ಆಫ್ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ಕರೆಂಟ್ ಹೋದಾಗ ಆಂಪ್ಲಿಫೈಯರೂ ಸತ್ತಿತ್ತು, ಗದ್ದಲದ ಜೊತೆ ಸ್ಟೇಷನ್‌ಗಳೂ ಹೋಗಿರಬೇಕು. ಈಗ ಹೀಗೆ ಮಾಡಿ.

ಮೊದಲು ಲೂಪನ್ನ ನಿಧಾನಕ್ಕೆ ಪೂರ್ತಿ ಸುತ್ತಿಸಿ. ಲೂಪೇ ಹಿಡಿದ ಗದ್ದಲವಾದ್ರೆ ಯಾವುದಾದರೂ ದಿಕ್ಕಲ್ಲಿ ಇಳಿಯುತ್ತೆ. ಸ್ಟೇಷನ್ ಏರಿಳಿದು ಗದ್ದಲ ಮಾತ್ರ ಅಲ್ಲಾಡದೆ ನಿಂತರೆ ಅದು ಕೇಬಲ್ ಹಾದಿಯಲ್ಲಿ ಬರ್ತಿದೆ.

ಖಚಿತ ಆಗಬೇಕಾದ್ರೆ ಲೂಪ್ ಬಿಚ್ಚಿ ಆಂಪ್ಲಿಫೈಯರ್ ಇನ್‌ಪುಟ್‌ಗೆ ಟಿ50-2 ಟೊರಾಯ್ಡ್ (ಉಂಗುರದಂಥ ಕೋರ್) ಮೇಲೆ ತಂತಿಯ 25 ಸುತ್ತು ಹಾಕಿ ಜೋಡಿಸಿ. ಸುಮಾರು 3 ಮೈಕ್ರೊಹೆನ್ರಿ, ನಿಮ್ಮ ಲೂಪಿನ ಇಂಡಕ್ಟೆನ್ಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಆಂಪ್ಲಿಫೈಯರ್‌ಗೆ ಲೋಡ್ ಅದೇ, ಆದ್ರೆ ಟೊರಾಯ್ಡ್ ಗಾಳಿಯಿಂದ ಏನನ್ನೂ ಹಿಡಿಯಲ್ಲ. ಆಗಲೂ ಉಬ್ಬು ಇದ್ರೆ ಅಡಾಪ್ಟರ್ ಕಿತ್ತು 12 ವೋಲ್ಟ್ ಬ್ಯಾಟರಿ ಕೊಡಿ.

ಫೆರೈಟ್‌ಕಡ್ಡಿ:
ಅಷ್ಟೆಲ್ಲ ಯಾಕೆ, ಕೇಬಲ್‌ಗೆ ಒಂದು ಕ್ಲಿಪ್-ಆನ್ ಫೆರೈಟ್ ಸಿಕ್ಕಿಸಿದ್ರೆ ಸಾಕು. ಬಲ್ಬ್ ಹುಡುಕೋದು ನಿಲ್ಲಿಸಬೇಡಿ.

ಸೊನ್ನೆಬೀಟ್:
1 ಮೆಗಾಹರ್ಟ್ಸ್‌ನಲ್ಲಿ ಒಂದೇ ಸಲ ತೂರಿಸಿದ ಕ್ಲಿಪ್ ಏನೂ ಮಾಡಲ್ಲ. ಇಂಪೀಡೆನ್ಸ್ ಸುತ್ತುಗಳ ವರ್ಗಕ್ಕೆ ತಕ್ಕಂತೆ ಏರುತ್ತೆ, ಹತ್ತು ಸುತ್ತಿಗೆ ನೂರು ಪಟ್ಟು. ದೊಡ್ಡ ಫೆರೈಟ್ ಟೊರಾಯ್ಡ್ ತಗೊಂಡು ಆರ್‌ಜಿ-174ನಂಥ ಸಣ್ಣ ಕೋಆಕ್ಸ್‌ನ 12–14 ಸುತ್ತು ಹಾಕಿ ಚೋಕ್ ಮಾಡಬೇಕು. ಫೆರೈಟ್‌ನ ಬಗೆಯಲ್ಲಿ ಮಿಕ್ಸ್ 31 ನಡೆಯುತ್ತೆ, ಈ ಬ್ಯಾಂಡಿಗೆ 75, 77 ಇನ್ನೂ ಒಳ್ಳೇದು.

ಉದ್ದತಂತಿ:
ಲೂಪ್ ಬಿಟ್ಟುಬಿಡಿ. ಇಲ್ಲಿ 300 ಮೀಟರ್ ಬೆವರೇಜ್ (ನೆಲದ ಹತ್ತಿರ ಎಳೆದ ಉದ್ದ ತಂತಿಯ ಆಂಟೆನಾ), ಕೊನೆಯಲ್ಲಿ 470 ಓಮ್ ಟರ್ಮಿನೇಷನ್, 14 ಬಿಟ್ ರಿಸೀವರ್. ಬೆಳಗಿನ ಜಾವ ಸ್ಟೇಷನ್ ಇರೋ ಊರು, ನಮ್ಮ ಊರು ಎರಡೂ ಮಬ್ಬುಗತ್ತಲಲ್ಲಿರುವಾಗ ಕೇಳಬೇಕು, ಬೇರೆ ಯಾವ ಆಂಟೆನಾದಲ್ಲೂ ಆ ಸೊಗಸಿಲ್ಲ. ನಿಮ್ಮ ಕೋಆಕ್ಸಿನ ಬ್ರೇಡನ್ನ (ಹೊರಗಿನ ಲೋಹದ ಜಾಲರಿ) ಮನೆಯ ಅರ್ತ್‌ಗೆ ಕೊಟ್ಟು ನೋಡಿ.

ಸೊನ್ನೆಬೀಟ್:
ಮನೆ ಅರ್ತ್ ತಂತಿಯಲ್ಲೇ ಎಲ್ಲ ಅಡಾಪ್ಟರ್‌ಗಳ ಗದ್ದಲ ಹರಿತಿರುತ್ತೆ, ಅದನ್ನ ಬ್ರೇಡಿಗೆ ಕರೆತರಬೇಡಿ.

ಉದ್ದತಂತಿ:
ಹಾಗಂತ ಬೇರೆ ಅರ್ತ್ ರಾಡ್ ನೆಲಕ್ಕೆ ಹೊಡೆದು ಮನೆ ಅರ್ತ್‌ಗೆ ಬೆಸೆಯದೆ ಬಿಟ್ರೆ ಸಿಡಿಲಿಗೆ ಅಪಾಯ. ಗದ್ದಲಕ್ಕಿಂತ ಜೀವ ದೊಡ್ಡದು.

ಸೊನ್ನೆಬೀಟ್:
ಬೆಸೆಯೋದು ಬೇಡ ಅಂದಿಲ್ಲ. ರಾಡ್ ಇರೋ ಜಾಗದಿಂದ ರಿಸೀವರ್ ಕಡೆಗೆ ಚೋಕ್ ಹಾಕಿ ಅಂತಿದ್ದೇನೆ.

ರಾತ್ರಿಗಿವಿ:
ಅರ್ತ್ ಜಗಳ ಆಮೇಲೆ ಇಟ್ಕೊಳ್ಳಿ. ಲೂಪ್ ಸುತ್ತಿಸಿದ್ರೂ ಉಬ್ಬು ಅಲ್ಲಾಡಲಿಲ್ಲ, ಟೊರಾಯ್ಡ್ ಹಾಕಿದ್ರೂ ಇತ್ತು. ಬ್ಯಾಟರಿ ಕೊಟ್ಟ ಕೂಡಲೇ ಹೋಯ್ತು! ಲೂಪ್ ಮತ್ತೆ ಜೋಡಿಸಿದೆ, ಗುರ್ ಇಲ್ಲ. ಆದ್ರೆ ಈಗ 630, 900, 1530ರಲ್ಲಿ ಇಲ್ಲಿಯದೇ ಎರಡು ಸ್ಟೇಷನ್ ಒಂದರ ಮೇಲೊಂದು ಕೇಳಿಸ್ತಿವೆ. ಅವು ನಿಜವಾಗಿ ಇರೋದು 720, 810ರಲ್ಲಿ. ಗೇನ್ ಎಷ್ಟು ಇಳಿಸಿದ್ರೂ ಪ್ರಯೋಜನ ಇಲ್ಲ.

ಸೊನ್ನೆಬೀಟ್:
ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ ಟ್ಯೂನರ್ ಚಿಪ್ ದಾರಿಯಲ್ಲೇ ಇರಲ್ಲ, ಆ ಗೇನ್ ಸ್ಲೈಡರ್ ಯಾವುದನ್ನೂ ಮುಟ್ಟಲ್ಲ. ನಿಮ್ಮ ನಂಬರ್ ಲೆಕ್ಕ ಹಾಕಿ: 720ರ ಎರಡರಷ್ಟರಲ್ಲಿ 810 ಕಳೆದರೆ 630. 810ರ ಎರಡರಷ್ಟರಲ್ಲಿ 720 ಕಳೆದರೆ 900. ಎರಡನ್ನೂ ಕೂಡಿದರೆ 1530. ಇಂಟರ್‌ಮಾಡ್ಯುಲೇಷನ್, ಅಂದ್ರೆ ಎರಡು ಜೋರು ಸಿಗ್ನಲ್ ಸರ್ಕ್ಯೂಟ್ ಒಳಗೇ ಬೆರೆತು ಸುಳ್ಳು ಸಿಗ್ನಲ್ ಹುಟ್ಟೋದು. ಚಾನೆಲ್‌ಗಳು 9 ಕಿಲೊಹರ್ಟ್ಸ್‌ಗೊಂದು, ಇವೆಲ್ಲವೂ 9ರ ಗುಣಕ ಆಗಿರೋದರಿಂದ ಈ ಸುಳ್ಳು ಸಿಗ್ನಲ್‌ಗಳು ಸರಿಯಾಗಿ ಚಾನೆಲ್ ಮೇಲೇ ಕೂರ್ತವೆ, ನಿಜದ ಸ್ಟೇಷನ್ ಅಂತ ಮೋಸಹೋಗೋದು ಸುಲಭ.

ಡಾಂಗಲ್ ಮುಂದೆ 10 ಡಿಬಿ ಪ್ಯಾಡ್ (ಸಿಗ್ನಲ್ ತಗ್ಗಿಸೋ ರೆಸಿಸ್ಟರ್ ಜೋಡಣೆ) ಹಾಕಿ: ಎರಡೂ ಕಡೆ ಗ್ರೌಂಡಿಗೆ 100 ಓಮ್, ನಡುವೆ 68 ಓಮ್. ಬಯಾಸ್ ಬಾಕ್ಸಿನ (ಕೋಆಕ್ಸ್‌ಗೆ 12 ವೋಲ್ಟ್ ಸೇರಿಸೋ ಡಬ್ಬಿ) ರಿಸೀವರ್ ಬದಿಯಲ್ಲೇ ಹಾಕಬೇಕು, ಲೂಪ್ ಬದಿಗೆ ಹಾಕಿದ್ರೆ 12 ವೋಲ್ಟ್ ರೆಸಿಸ್ಟರ್ ಮೇಲೆ ಬೀಳುತ್ತೆ. 900ರ ಸಿಗ್ನಲ್ 20–30 ಡಿಬಿ ಕುಸಿದ್ರೆ ಹುಟ್ಟುತ್ತಿರೋದು ಡಾಂಗಲ್‌ನಲ್ಲಿ. 10 ಮಾತ್ರ ಇಳಿದ್ರೆ ಲೂಪಿನ ಆಂಪ್ಲಿಫೈಯರೇ ಅದನ್ನ ಹುಟ್ಟಿಸ್ತಿದೆ, ಅದಕ್ಕೆ ಡಾಂಗಲ್ ಬದಿಯ ಯಾವ ಫಿಲ್ಟರೂ ಮದ್ದಲ್ಲ.

ಫೆರೈಟ್‌ಕಡ್ಡಿ:
ಬ್ಯಾಟರಿ ಹಾಕಿದಾಗ ಬಲ್ಬ್ ಆನ್ ಇತ್ತಾ ಆಫಾ? ಅದನ್ನ ಹೇಳಿಲ್ಲ.

ರಾತ್ರಿಗಿವಿ:
ಎಲ್ಲ ಆನ್ ಇತ್ತು. ಪ್ಯಾಡ್ ಹಾಕಿದೆ: 1530 ಕಾಣದ ಹಾಗೆ ಹೋಯ್ತು, 630 ಮತ್ತು 900 ಬರೀ 10 ಡಿಬಿ ಇಳಿದವು. ಲೂಪ್ ಸುತ್ತಿಸಿ 810ನ್ನ ನಲ್‌ಗೆ (ಲೂಪಿಗೆ ಕೇಳಿಸದ ದಿಕ್ಕು) ತಂದ್ರೆ ಎರಡೂ ಹೋಗ್ತವೆ, ಆದ್ರೆ ನನಗೆ ಬೇಕಾದ ದಿಕ್ಕೂ ಅದೇ. ಲೂಪಿಗೂ ಆಂಪ್ಲಿಫೈಯರ್‌ಗೂ ನಡುವೆಯೇ 810ನ್ನ ತಡೆಯೋ ಟ್ರ್ಯಾಪ್ ಹಾಕಬಹುದಾ, ಅಥವಾ ಲೂಪ್ ಚಿಕ್ಕದು ಮಾಡಲಾ?